ಗೋ ಭಾಷೆಯಲ್ಲಿ ಒಂದು ಕ್ಯಾಪಿಟಲ್ ಅಕ್ಷರಕ್ಕೆ ಅಷ್ಟೊಂದು ಅಧಿಕಾರ ಬೇಕಾ?

ಪರ: ಹೆಸರು ನೋಡಿದ ಕೂಡಲೇ ಗೊತ್ತಾಗಬೇಕು

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಿಯಮ ಸರಳ. ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್ ಆಗಿದ್ದರೆ ಬೇರೆ ಪ್ಯಾಕೇಜುಗಳೂ (ಅಂದರೆ ಕೋಡಿನ ಬೇರೆ ಕಂತೆಗಳೂ) ಅದನ್ನು ಬಳಸಬಹುದು, ಸ್ಮಾಲ್ ಆಗಿದ್ದರೆ ಆ ಪ್ಯಾಕೇಜಿನ ಒಳಗೆ ಮಾತ್ರ. ಜಾವಾದಲ್ಲಿ ಇದಕ್ಕೆ ಪಬ್ಲಿಕ್, ಪ್ರೈವೇಟ್ ಅಂತ ಬರೆಯುತ್ತೇವೆ. ಆದರೆ ಆ ಪದ ಇರುವುದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಬರೆದ ಕಡೆ. ಅದನ್ನು ಕರೆಯುವ ಸಾಲು ನೋಡಿದರೆ ಏನೂ ತಿಳಿಯುವುದಿಲ್ಲ.

ಕೋಡ್ ರಿವ್ಯೂ, ಅಂದರೆ ಬೇರೆಯವರ ಕೋಡಿನ ಪರಿಶೀಲನೆ, ಮಾಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಯಾರೋ ಒಂದು ಫಂಕ್ಷನ್ನಿನ ಪ್ಯಾರಾಮೀಟರ್ (ಅದಕ್ಕೆ ಕೊಡಬೇಕಾದ ಮಾಹಿತಿ) ಬದಲಿಸಿದ್ದಾರೆ ಅಂದುಕೊಳ್ಳಿ. ಹೆಸರು ಸ್ಮಾಲ್ ಲೆಟರಿನಿಂದ ಶುರುವಾಗಿದ್ದರೆ ಇದೇ ಪ್ಯಾಕೇಜಿನಲ್ಲಿ ಹುಡುಕಿದರೆ ಸಾಕು, ಕ್ಯಾಪಿಟಲ್ ಇದ್ದರೆ ಅದನ್ನು ನಂಬಿಕೊಂಡ ಕೋಡ್ ಹೊರಗೆ ಎಲ್ಲೆಲ್ಲೋ ಇರಬಹುದು, ಹುಷಾರಾಗಿ ನೋಡಬೇಕು. ಇಷ್ಟೂ ಒಂದೇ ಅಕ್ಷರದಿಂದ ಗೊತ್ತಾಗುತ್ತದೆ.

ಪೈಥಾನ್‌ನಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿದರೆ ಅದು ಒಳಗಿನ ಬಳಕೆಗೆ ಅಂತ ಅರ್ಥ. ಆದರೆ ಅದು ಬರೀ ವಿನಂತಿ, ಮುಟ್ಟುವವರು ಮುಟ್ಟಿಯೇ ಮುಟ್ಟುತ್ತಾರೆ. ಗೋದಲ್ಲಿ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರೇ ತಡೆಯುತ್ತದೆ. ಹಾಗಾಗಿ ಇದನ್ನು ಹೊರಗೆ ಬಿಡಬೇಕಾ ಬೇಡವಾ ಅಂತ ಹೆಸರಿಡುವಾಗಲೇ ಯೋಚಿಸಬೇಕಾಗುತ್ತದೆ. ಅದು ಒಳ್ಳೆಯದೇ ಅಲ್ವಾ?

ವಿರೋಧ: ಎಲ್ಲ ಲಿಪಿಯಲ್ಲೂ ಕ್ಯಾಪಿಟಲ್ ಇಲ್ಲ

ಓದುವಾಗ ಅನುಕೂಲ, ಒಪ್ಪೋಣ. ಬರೆಯುವಾಗ? ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಒಂದು ಸ್ಟ್ರಕ್ಟ್‌ನಲ್ಲಿ 'ನೇಮ್' ಅಂತ ಫೀಲ್ಡನ್ನು ಸ್ಮಾಲ್ ಎನ್ ಹಾಕಿ ಬರೆದು, ಅದನ್ನು ಜೇಸನ್ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪ) ಮಾಡಿ ನೋಡಿ. ಆ ಫೀಲ್ಡ್ ಬರುವುದೇ ಇಲ್ಲ. ಎರರ್ ಕೂಡ ಇಲ್ಲ. ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಸರಿ, ಕ್ಯಾಪಿಟಲ್ ಮಾಡಿದರೆ ಜೇಸನ್‌ನಲ್ಲೂ ಕ್ಯಾಪಿಟಲ್ಲೇ ಬರುತ್ತದೆ, ಅದನ್ನು ಸ್ಮಾಲ್ ಮಾಡಲು ಒಂದೊಂದು ಫೀಲ್ಡಿನ ಪಕ್ಕದಲ್ಲೂ ಟ್ಯಾಗ್ ಬರೆಯಬೇಕು. ಪಬ್ಲಿಕ್ ಅಂತ ಟೈಪ್ ಮಾಡುವುದಕ್ಕಿಂತ ಇದೇ ಜಾಸ್ತಿ ಕೆಲಸ.

ಆದರೆ ನನ್ನ ನಿಜವಾದ ತಕರಾರು ಬೇರೆ. ಈ ನಿಯಮಕ್ಕೆ ಬೇಕಾದದ್ದು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿಯಾದ ಯೂನಿಕೋಡ್‌ನ ಅಪ್ಪರ್‌ಕೇಸ್ ಅಕ್ಷರ. ಕನ್ನಡ, ಹಿಂದಿ, ಅರೇಬಿಕ್, ಜಪಾನಿ ಲಿಪಿಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲ. 'ಹಣ' ಅಂತ ಒಂದು ಫಂಕ್ಷನ್ ಬರೆಯಿರಿ, ಕಂಪೈಲ್ ಆಗುತ್ತದೆ, ಆದರೆ ಪ್ಯಾಕೇಜಿನಿಂದ ಹೊರಗೆ ಹೋಗುವುದಿಲ್ಲ. ಹೊರಗೆ ಬೇಕಾದರೆ ಮುಂದೆ ಇಂಗ್ಲಿಷಿನ ಕ್ಯಾಪಿಟಲ್ ಎಕ್ಸ್ ಥರದ್ದೊಂದು ಅಕ್ಷರ ಅಂಟಿಸಬೇಕು. 'ಬೆಲೆ' ಅಂತ ಬರೆದರಂತೂ ಕಂಪೈಲೇ ಆಗುವುದಿಲ್ಲ, ಕಾಗುಣಿತದ ಚಿಹ್ನೆಗಳಿಗೆ ಗೋದ ಹೆಸರುಗಳಲ್ಲಿ ಜಾಗವಿಲ್ಲ. ಅದು ಬೇರೆಯೇ ನಿಯಮ, ಆದರೆ ಪೆಟ್ಟು ಬೀಳುವುದು ಅದೇ ಲಿಪಿಗಳಿಗೆ. ಪೈಥಾನ್ 3ರಲ್ಲಿ 'ಬೆಲೆ' ಸಲೀಸಾಗಿ ನಡೆಯುತ್ತದೆ.

ಕೆಲಸದಲ್ಲಿ ಯಾರು ಕನ್ನಡದಲ್ಲಿ ಕೋಡ್ ಬರೆಯುತ್ತಾರೆ ಅನ್ನಬಹುದು. ಕನ್ನಡ ಮೀಡಿಯಂ ಮಗು ಮೊದಲ ಸಲ ಪ್ರೋಗ್ರಾಮಿಂಗ್ ಕಲಿಯುವಾಗ ಬರೆಯಬಹುದಲ್ಲ? 2009ರಲ್ಲಿ ಹೊರಬಂದ ಈ ಭಾಷೆಯನ್ನು ರೂಪಿಸಿದ ಮೂವರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದ್ದಾರೆ. 1992ರಲ್ಲಿ, ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ವಿಧಾನವಾದ ಯುಟಿಎಫ್-8 ರೂಪಿಸಿ, ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೂ ಕಂಪ್ಯೂಟರಿನಲ್ಲಿ ದಾರಿ ಮಾಡಿಕೊಟ್ಟವರು ಇವರೇ. ಅದಕ್ಕೇ ಈ ನಿಯಮ ನನಗೆ ಇನ್ನೂ ಜಾಸ್ತಿ ಬೇಜಾರು ತರುತ್ತದೆ. ರಸ್ಟ್ ಭಾಷೆಯಲ್ಲಿ ಹೊರಗೆ ಬಿಡಬೇಕಾದದ್ದರ ಮುಂದೆ 'ಪಬ್' ಅಂತ ಬರೆದರೆ ಮುಗಿಯಿತು, ಹೆಸರು ಯಾವ ಲಿಪಿಯಲ್ಲಿದ್ದರೂ ಸರಿ. ಗೋದಲ್ಲೂ ಅಂಥದ್ದೊಂದು ಪದ ಇಡಬಹುದಿತ್ತು.