ಕೋರ್ಸ್‌ಗೆ ದುಡ್ಡು ಕೊಡಿ, ಕೆಲಸಕ್ಕೆ ಕೊಡಬೇಡಿ

ಮೊನ್ನೆ ಸಂಜೆ ಪಕ್ಕದ ತೋಟದ ಹುಡುಗ ಮನೆಗೆ ಬಂದ. ಪಿಯುಸಿ ಮುಗಿಸಿ ಒಂದು ವರ್ಷ ಆಗಿದೆ. "ಅಣ್ಣ, ಒಬ್ಬರು ಮೂರೂವರೆ ಲಕ್ಷ ಕೇಳ್ತಿದ್ದಾರೆ. ಕೊಟ್ರೆ ಎರಡೇ ತಿಂಗಳಲ್ಲಿ ಹಡಗು ಹತ್ತಿಸ್ತಾರಂತೆ. ಕೋರ್ಸ್ ಗೀರ್ಸ್ ಏನೂ ಬೇಡ್ವಂತೆ" ಅಂದ. ಅವರಪ್ಪ ಈ ಸಲದ ಮೆಣಸು ಮಾರಿದ ದುಡ್ಡನ್ನು ಅದಕ್ಕೇ ಎತ್ತಿಟ್ಟಿದ್ದಾರೆ.

ನಾನು ಹಡಗಿನ ಡೆಕ್ ಮೇಲೆ ಕೆಲಸ ಮಾಡುವವನು. ಆಫೀಸರ್ ಅಲ್ಲ. ತುಕ್ಕು ಕೆರೆದು, ಬಣ್ಣ ಬಳಿದು, ಹಗ್ಗ ಎಳೆದು, ವಾಚ್ ಅಂದರೆ ಸರದಿ ಕಾವಲು ನಿಲ್ಲುವವನು. ಈಗ ರಜೆಯಲ್ಲಿ ಮೂಡಿಗೆರೆಯ ಮನೆಯಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ಇಂಥ ಒಬ್ಬನಾದರೂ ಬಂದು ಕೂರುತ್ತಾನೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನ ಹುಡುಗರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಯಾರದೋ ಚಿಕ್ಕಪ್ಪ, ಯಾರದೋ ಭಾವ ಹಡಗಿನಲ್ಲಿ ದುಡಿದಿರುತ್ತಾರೆ. "ಅವನು ಕಳ್ಳ, ಅಲ್ಲಿಗೆ ಹೋಗಬೇಡ" ಅನ್ನೋಕೆ ಒಬ್ಬರಾದರೂ ಇದ್ದಾರೆ. ಘಟ್ಟದ ಮೇಲಿನ ನಮಗೆ ಕೇಳೋಣ ಅಂದರೆ ಯಾರೂ ಇಲ್ಲ. ಹಾಗಂತ ಸಮುದ್ರ ನಮಗೆ ದೂರ ಏನಲ್ಲ, ಚಾರ್ಮಾಡಿ ಇಳಿದರೆ ಆಯ್ತು. ನಮ್ಮ ಕುದುರೆಮುಖದ ಅದಿರು ನೀರಲ್ಲಿ ಕಲಸಿಕೊಂಡು ಪೈಪಿನಲ್ಲೇ ಪಣಂಬೂರಿಗೆ ಹೋಗುತ್ತಿತ್ತು, 2005ರ ಕೊನೆಗೆ ಗಣಿ ನಿಲ್ಲುವ ತನಕ. ನಮ್ಮ ಕಾಫಿ ಇವತ್ತಿಗೂ ಕಂಟೇನರ್ ತುಂಬಿಕೊಂಡು ಹಡಗು ಹತ್ತುತ್ತದೆ. ಬಾಬಾಬುಡನ್ ಏಳು ಬೀಜ ತಂದರು ಅನ್ನುತ್ತೀವಲ್ಲ, ಅದೂ ಯೆಮನ್‌ನ ಮೋಖಾ ಬಂದರಿನಿಂದ. ಒಂದು ಸಲ ಕೆಂಪು ಸಮುದ್ರದಲ್ಲಿ ಸೂಯೆಜ್ ಕಡೆಗೆ ಹೋಗುವಾಗ ನಾನು ಲುಕ್‌ಔಟ್ ನಿಂತಿದ್ದೆ, ಅಂದರೆ ಸುತ್ತಮುತ್ತ ಏನು ಬರುತ್ತಿದೆ ಅಂತ ನೋಡುವ ಕೆಲಸ. ಸೆಕೆಂಡ್ ಆಫೀಸರ್ ಮ್ಯಾಪ್ ತೋರಿಸಿ "ಬಲಗಡೆ ಮೋಖಾ" ಅಂದರು. ಕಣ್ಣಿಗೆ ಏನೂ ಕಾಣಲಿಲ್ಲ, ಬರೀ ಕತ್ತಲೆ. ಆದರೂ ಮನೆ ಹಿಂದಿನ ತೋಟ ನೆನಪಾಗಿ ಒಂಥರಾ ಆಯ್ತು. ಯೆಮನ್‌ನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದ ಮೇಲೆ ಎಷ್ಟೋ ಕಂಪನಿಗಳು ಆ ದಾರಿ ಬಿಟ್ಟು ಇಡೀ ಆಫ್ರಿಕಾ ಸುತ್ತಿಕೊಂಡು ಹೋದವು. ಅದು ಬೇರೆ ಕಥೆ.

ವಿಷಯಕ್ಕೆ ಬರ್ತೀನಿ. ಡೆಕ್ಕಿಗೆ ಸೇರಬೇಕಾದರೆ ಸರಿಯಾದ ಬಾಗಿಲು ಜಿಪಿ ರೇಟಿಂಗ್ ಕೋರ್ಸ್, ಅಂದರೆ ಆಫೀಸರ್ ಅಲ್ಲದ ನಾವಿಕರ ತರಬೇತಿ. ಆರು ತಿಂಗಳು, ಅಲ್ಲೇ ಉಳಿದು ಕಲಿಯಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿ ಒಟ್ಟು 40 ಪರ್ಸೆಂಟ್, ಇಂಗ್ಲಿಷಿನಲ್ಲೂ 40 ಇದ್ದರೆ ಸಾಕು. ವಯಸ್ಸು ಹದಿನೇಳೂವರೆಯಿಂದ 25ರ ಒಳಗೆ. ಕಾಲೇಜಿಗೆ ಡಿಜಿ ಶಿಪ್ಪಿಂಗ್, ಅಂದರೆ ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆಯ ಮಾನ್ಯತೆ ಇರಲೇಬೇಕು. ಇಂಡೋಸ್ ಅನ್ನುವ ನಾವಿಕರ ಗುರುತಿನ ನಂಬರ್ ಆಗಬೇಕು, ಕೊನೆಗೆ ಎಕ್ಸಿಟ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಸಿಡಿಸಿ. ಈ ಸಿಡಿಸಿ (ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್) ಅನ್ನೋ ಪುಸ್ತಕ ನಾವಿಕನ ಜಾತಕ ಇದ್ದ ಹಾಗೆ. ಯಾವ ಹಡಗು, ಯಾವತ್ತು ಹತ್ತಿದ, ಯಾವತ್ತು ಇಳಿದ, ಎಲ್ಲ ಅದರಲ್ಲೇ ಬರೆದಿರುತ್ತದೆ.

ಕೋರ್ಸ್ ಕಷ್ಟ ಅಂತ ಹೆದರಬೇಡಿ. ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ಈಜುಕೊಳಕ್ಕೆ ಹಾರಬೇಕು, ಹೊಗೆ ತುಂಬಿದ ಕೋಣೆಯಲ್ಲಿ ತಡಕಾಡಿ ಹೊರಗೆ ಬರಬೇಕು, ಬೆಂಕಿ ಆರಿಸಬೇಕು. ಹೇಮಾವತಿಯಲ್ಲಿ ಎಮ್ಮೆ ಜೊತೆ ಈಜಿದವರಿಗೆ ಅದೆಲ್ಲ ಏನು ಮಹಾ.

ಆದರೆ ಒಂದು ಮಾತು. ಫೀಸ್ ಕಟ್ಟುವ ಮೊದಲು ಕಣ್ಣು ತೋರಿಸಿ. ನನ್ನ ಬ್ಯಾಚಿನಲ್ಲಿ ಅರಸೀಕೆರೆ ಕಡೆಯ ಒಬ್ಬನಿದ್ದ, ಆನೆ ಥರ ಗಟ್ಟಿ ಆಳು. ಊರಲ್ಲಿ ಯಾರ ಕೈಯಲ್ಲೋ ಹೆಸರಿಗೊಂದು ಮೆಡಿಕಲ್ ಮಾಡಿಸಿಕೊಂಡು ಬಂದಿದ್ದ. ಕಾಲೇಜಿನಲ್ಲಿ ಡಾಕ್ಟರ್ ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದರು. ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದಬೇಕು. ಇವನಿಗೆ ಬರೀ ಚುಕ್ಕೆ ಕಂಡವು. ಅವನಿಗೆ ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗಲ್ಲ ಅನ್ನೋದು ಅವನಿಗೇ ಗೊತ್ತಿರಲಿಲ್ಲ ಪಾಪ. ಇಷ್ಟಕ್ಕೆಲ್ಲ ವಾಪಸ್ ಕಳಿಸ್ತಾರಾ ಅಂತ ನನಗೂ ಆಗ ಸಿಟ್ಟು ಬಂದಿತ್ತು. ರಾತ್ರಿ ವಾಚ್ ನಿಂತ ಮೇಲೆ ಅರ್ಥವಾಯಿತು. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕತ್ತಲಲ್ಲಿ ಹಡಗು ಕಾಣಲ್ಲ, ದೀಪ ಮಾತ್ರ ಕಾಣುತ್ತದೆ. ಕೆಂಪು ಕಂಡರೆ ಅದರ ಎಡ ಮಗ್ಗುಲು ನಮ್ಮ ಕಡೆಗಿದೆ, ಹಸಿರು ಕಂಡರೆ ಬಲ ಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ. ಬಣ್ಣ ತಿಳಿಯದವನನ್ನು ಅಲ್ಲಿ ನಿಲ್ಲಿಸೋಕಾಗುತ್ತಾ?

ಇನ್ನು ಯಾರೂ ಹೇಳದ ಮಾತು. ಕೋರ್ಸ್ ಮುಗಿದು ಸಿಡಿಸಿ ಕೈಗೆ ಬಂದ ತಕ್ಷಣ ಹಡಗು ಸಿಗಲ್ಲ. ನಾನು ಹನ್ನೊಂದು ತಿಂಗಳು ಕಾದೆ. ಮುಂಬೈನಲ್ಲಿ ಆಫೀಸಿಂದ ಆಫೀಸಿಗೆ ಫೈಲ್ ಹಿಡಿದು ಅಲೆದೆ. ಹಾಸನಾಂಬೆಯ ಸಾಲಿನಲ್ಲಿ ನಿಂತವನಿಗೆ ಇವತ್ತಲ್ಲ ನಾಳೆ ದರ್ಶನ ಆಗೇ ಆಗುತ್ತೆ ಅಂತ ಧೈರ್ಯ ಇರುತ್ತದೆ. ಇಲ್ಲಿ ಅದೂ ಇಲ್ಲ. ಊರಿಗೆ ಫೋನ್ ಮಾಡಿದರೆ "ಇನ್ನೂ ಹೋಗಿಲ್ವಾ?" ಅಂತ ಒಂದೇ ಪ್ರಶ್ನೆ. ಒಂದು ಹಬ್ಬಕ್ಕೆ ಊರಿಗೇ ಬರಲಿಲ್ಲ ನಾನು, ಆ ಪ್ರಶ್ನೆಗೆ ಹೆದರಿ.

ಮೋಸ ಆಗೋದು ಈ ಕಾಯುವ ಟೈಮಿನಲ್ಲೇ. ಬಾಗಿಲಲ್ಲೇ ನಿಂತಿರುತ್ತಾರೆ, "ಎರಡು ಲಕ್ಷ ಕೊಡು, ಮುಂದಿನ ವಾರ ಜಾಯಿನಿಂಗ್" ಅಂತ. ನಾನೂ ಅರವತ್ತು ಸಾವಿರ ಕೊಟ್ಟೆ. ಆಮೇಲೆ ಆ ನಂಬರ್ ಸ್ವಿಚ್ ಆಫ್. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ಆಗಲಿ.

ಕಾನೂನು ತುಂಬ ಸರಳ. ನಾವಿಕರನ್ನು ಹಡಗಿಗೆ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಅನ್ನುವ ಲೈಸೆನ್ಸ್ ಬೇಕು. ಯಾರ್ಯಾರಿಗೆ ಇದೆ ಅನ್ನೋದು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿದೆ. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಿದ್ದಕ್ಕೆ ಅಂತ ನಿಮ್ಮಿಂದ ಒಂದು ರೂಪಾಯಿ ಕೇಳುವ ಹಾಗಿಲ್ಲ. ಭಾರತ 2015ರಲ್ಲಿ ಒಪ್ಪಿಕೊಂಡ ಮೆರಿಟೈಮ್ ಲೇಬರ್ ಕನ್ವೆನ್ಷನ್ ಅನ್ನುವ ನಾವಿಕರ ಹಕ್ಕಿನ ಅಂತಾರಾಷ್ಟ್ರೀಯ ಒಪ್ಪಂದ ಹೇಳೋದೂ ಅದನ್ನೇ. ಪಾಸ್‌ಪೋರ್ಟ್, ಸಿಡಿಸಿ, ಮೆಡಿಕಲ್ ಖರ್ಚು ನಿಮ್ಮದು. ಏಜೆನ್ಸಿಗೆ ಕೊಡಬೇಕಾದ್ದು ಕಂಪನಿ ಕೊಡುತ್ತದೆ.

"ಕೋರ್ಸ್ ಬೇಡ, ಬೇರೆ ದೇಶದ ಸಿಡಿಸಿ ಮಾಡಿಸ್ತೀವಿ, ವಿಸಿಟ್ ವೀಸಾದಲ್ಲಿ ಗಲ್ಫ್‌ಗೆ ಹೋಗಿ ಅಲ್ಲಿಂದ ಹತ್ತು" ಅನ್ನುವವರ ಹತ್ತಿರವಂತೂ ಸುಳಿಯಲೇಬೇಡಿ. ಮಾಲೀಕ ಕೈಬಿಟ್ಟ ಹಡಗಿನಲ್ಲಿ ಸಂಬಳ ಇಲ್ಲದೆ, ಡೀಸೆಲ್ ಇಲ್ಲದೆ ತಿಂಗಳುಗಟ್ಟಲೆ ಲಂಗರು ಹಾಕಿಕೊಂಡು ಕೂತವರ ಸುದ್ದಿ ಓದಿರುತ್ತೀರಿ. ಹಾಗೆ ಸಿಕ್ಕಿಬಿದ್ದಾಗ ಊರಲ್ಲಿ ಕೂತವರು ಹಿಡಿದು ಕೇಳಲು ಒಬ್ಬ ಲೈಸೆನ್ಸಿನವನಾದರೂ ಇರಬೇಕು ಅಲ್ವಾ?

ಸಂಬಳದ ಬಗ್ಗೆಯೂ ಊರಲ್ಲಿ ಏನೇನೋ ಕಲ್ಪನೆ. ನನಗೆ ಟ್ರೈನಿ ಆಗಿದ್ದಾಗ ಸಿಕ್ಕಿದ್ದು ತಿಂಗಳಿಗೆ 350 ಡಾಲರ್. ಎಬಿ, ಅಂದರೆ ಏಬಲ್ ಸೀಮನ್ ಆದ ಮೇಲೆ ಪರವಾಗಿಲ್ಲ. ನನಗೆ ಹಡಗಿನ ಮೇಲಿದ್ದಷ್ಟು ದಿನ ಮಾತ್ರ ಸಂಬಳ. ಒಂಬತ್ತು ತಿಂಗಳು ದುಡಿದು ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಆ ನಾಲ್ಕು ತಿಂಗಳು ಸೊನ್ನೆ. ಸಂಬಂಧ ನೋಡೋಕೆ ಬಂದವರು ತಿಂಗಳ ಸಂಬಳವನ್ನು ಹನ್ನೆರಡರಿಂದ ಗುಣಿಸಿ ಹೋಗಿದ್ದರು. ನಾನೂ ತಿದ್ದಲಿಲ್ಲ.

ಕಷ್ಟ ಇದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆಗೆ ಗುದ್ದಿದ ಡಾಲಿ ಹಡಗಿನಲ್ಲಿ 21 ಜನ ಸಿಬ್ಬಂದಿ ಇದ್ದರು, ಅವರಲ್ಲಿ 20 ಜನ ನಮ್ಮವರೇ. ಗುದ್ದಿದ ಮೇಲೂ ತಿಂಗಳುಗಟ್ಟಲೆ ಹಡಗಿನಲ್ಲೇ ಉಳಿಯಬೇಕಾಯಿತು. ಆದರೂ ನನ್ನನ್ನು ಕೇಳಿದರೆ ಹೋಗಿ ಅಂತಲೇ ಹೇಳುತ್ತೇನೆ. ಹತ್ತನೇ ಕ್ಲಾಸ್ ಓದಿದವನಿಗೆ ಡಾಲರ್ ಸಂಬಳ ಕೊಟ್ಟು, ಅನುಭವಕ್ಕೆ ತಕ್ಕ ಹಾಗೆ ಬೋಸನ್, ಅಂದರೆ ಡೆಕ್ ಆಳುಗಳ ಮೇಸ್ತ್ರಿ ತನಕ ಏರಿಸುವ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ತೋಟ ಅಡವಿಟ್ಟು ಹೋಗಬೇಡಿ. ಕೋರ್ಸ್ ಫೀಸ್ ಜೊತೆಗೆ ಒಂದು ವರ್ಷ ಕಾಯುವಷ್ಟು ದುಡ್ಡು, ಅಷ್ಟೇ ತಾಳ್ಮೆ ಇದ್ದರೆ ಹೊರಡಿ.

ಪಕ್ಕದ ತೋಟದ ಹುಡುಗನನ್ನು ನಿನ್ನೆ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಎಲ್ಲ ಅಂಕಿಗಳನ್ನೂ ಪಟಪಟ ಓದಿದ. ಅವರಪ್ಪ ಮೂರೂವರೆ ಲಕ್ಷದವರಿಗೆ ಬೇಡ ಅಂತ ಫೋನ್ ಮಾಡಿದರು, ಆ ಕಡೆಯಿಂದ ಬೈಗುಳ ಬಂತಂತೆ. ಈಗ ಅಡ್ಡ ನಿಂತಿರುವುದು ಅವರಮ್ಮ. "ಅಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ ಮಾಡ್ತಾರೇನಪ್ಪಾ?" ಅಂತ ಕೇಳಿದರು. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಇಲ್ಲ ಅಂದೆ. ಇನ್ನೂ ಒಪ್ಪಿಲ್ಲ.