ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪೆಲಿನ್‌ಗೆ ಅಷ್ಟು ದೊಡ್ಡ ಹೆಸರು ಸಲ್ಲುತ್ತದೆಯೇ?

ಪರ: ಒಂದೇ ಕಾಲು, ಒಂದೇ ಪೆಡಲ್

ಸಲ್ಲುತ್ತದೆ. ನನ್ನನ್ನು ಕೇಳಿದರೆ ಇಲ್ಲಿಗೇ ಮುಗಿಸಬಹುದು. ಆದರೆ ಕಾರಣ ಕೊಡಬೇಕಂತೆ, ಕೊಡುತ್ತೇನೆ.

ನಾನು ಸಂಗೀತದ ಬಗ್ಗೆ ಬರೆಯುವವನಲ್ಲ, ಬಾರಿಸುವವನು. ದಾವಣಗೆರೆಯ ಆರ್ಕೆಸ್ಟ್ರಾ ಒಂದರಲ್ಲಿ ಹನ್ನೆರಡು ವರ್ಷ ಡ್ರಮ್ಸ್‌ಗೆ ಕೂತವನು. ಗಣಪತಿ, ರಾಜ್ಯೋತ್ಸವ, ಮದುವೆ ಆರತಕ್ಷತೆ. ಸೀಸನ್ನಿನಲ್ಲಿ ರಾತ್ರಿ ಎರಡರ ತನಕ ಸಿನಿಮಾ ಹಾಡಿಗೆ ತಾಳ ತಪ್ಪದಂತೆ ಕಾಯುವುದೇ ಕೆಲಸ. 1994ರ ಸುಮಾರಿಗೆ ಎಂಜಿನಿಯರಿಂಗ್ ಹಾಸ್ಟೆಲ್ಲಿನ ಹುಡುಗನೊಬ್ಬ ಕಾಪಿ ಹೊಡೆದ ಕ್ಯಾಸೆಟ್ ತಂದು, ‘ಇದರಲ್ಲಿ ಡ್ರಮ್ಸ್ ಒಂದು ಕೇಳಣ್ಣ, ಹಾಡು ಬಿಡು’ ಅಂದ. ಲೆಡ್ ಜೆಪೆಲಿನ್ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡು, ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’. ಕಾಲಲ್ಲಿ ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್ಮು, ಅಂದರೆ ಬೇಸ್ ಡ್ರಮ್ಮಿನ ಪೆಟ್ಟು ಮೂರು ಮೂರಾಗಿ ಉರುಳಿಕೊಂಡು ಬರುತ್ತಿತ್ತು. ‘ಎರಡು ಪೆಡಲ್ ಇಟ್ಟಿದ್ದಾನೆ ಬಿಡು, ಅದೇನು ಮಹಾ’ ಅಂದೆ. ಇಲ್ಲವಂತೆ. ಒಂದೇ ಪೆಡಲ್, ಒಂದೇ ಕಾಲು. ನಂಬಲಿಲ್ಲ. ಮೂರು ವಾರ ನಾನೂ ತುಳಿದೆ. ಕಣಕಾಲು ಊದಿಕೊಂಡು, ಅಮ್ಮ ನೀಲಗಿರಿ ಎಣ್ಣೆ ತಿಕ್ಕುತ್ತಾ ‘ಯಾರ ಮೇಲಿನ ಸಿಟ್ಟಿಗೆ ಈ ಪಾಟಿ ತುಳೀತೀಯೋ’ ಅಂದಳು.

ಆ ಕಾಲು ಜಾನ್ ಬೋನಮ್‌ನದು. ಇಂಗ್ಲೆಂಡಿನ ರೆಡ್ಡಿಚ್ ಎಂಬ ಊರಿನವನು, ಅಪ್ಪನ ಜೊತೆ ಬಡಗಿ ಕೆಲಸ ಮಾಡಿಕೊಂಡಿದ್ದ ಹುಡುಗ. ಹಾಡುವ ರಾಬರ್ಟ್ ಪ್ಲಾಂಟ್ ಕೂಡ ಅದೇ ಸೀಮೆಯವನು. ಉಳಿದಿಬ್ಬರು, ಗಿಟಾರಿನ ಜಿಮ್ಮಿ ಪೇಜ್ ಮತ್ತು ಬೇಸ್ ಗಿಟಾರಿನ ಜಾನ್ ಪಾಲ್ ಜೋನ್ಸ್, ಲಂಡನ್ನಿನ ಸ್ಟುಡಿಯೋಗಳಲ್ಲಿ ದಿನಗೂಲಿಯ ಹಾಗೆ ಕಂಡವರ ರೆಕಾರ್ಡಿಗೆಲ್ಲ ನುಡಿಸಿ ಪಳಗಿದವರು. 1968ರ ಆಗಸ್ಟಿನಲ್ಲಿ ಜೆರಾರ್ಡ್ ಸ್ಟ್ರೀಟಿನ ನೆಲಮಾಳಿಗೆಯೊಂದರಲ್ಲಿ ನಾಲ್ವರೂ ಮೊದಲ ಸಲ ಒಟ್ಟಿಗೆ ನುಡಿಸಿದರು. ಮುಂದಿನ ಜನವರಿಗೆ ಆಲ್ಬಮ್ ಅಂಗಡಿಯಲ್ಲಿತ್ತು. ಪೇಜ್ ಲೆಕ್ಕದಲ್ಲಿ ಒಟ್ಟು ಮೂವತ್ತಾರು ಗಂಟೆಯ ಸ್ಟುಡಿಯೋ ಕೆಲಸ, ಅದೂ ಅವನ ಜೇಬಿನ ದುಡ್ಡಿನಲ್ಲಿ. ಈಗ ಒಂದು ಹಾಡಿನ ಸ್ನೇರ್ ಡ್ರಮ್ಮಿನ ಸದ್ದು ಕೂರಿಸಲು ಅಷ್ಟು ಹೊತ್ತು ತಗೊಳ್ಳುವವರನ್ನು ನಾನು ಬಲ್ಲೆ.

ಆದರೆ ನಾನು ಅವರಿಗೆ ನಿಜವಾಗಿ ಶರಣಾದದ್ದು ನಾಲ್ಕನೇ ಆಲ್ಬಮ್ಮಿಗೆ. 1971. ಆಲ್ಬಮ್ಮಿಗೆ ಹೆಸರಿಲ್ಲ, ಕವರಿನ ಮೇಲೆ ತಂಡದ ಹೆಸರೂ ಇಲ್ಲ. ಅದರ ಕೊನೆಯ ಹಾಡು ‘ವೆನ್ ದ ಲೆವಿ ಬ್ರೇಕ್ಸ್’. ಡ್ರಮ್ಸ್ ಶುರುವಾದ ಎರಡನೇ ಸೆಕೆಂಡಿಗೆ ನಿಮಗೆ ಗೊತ್ತಾಗಬೇಕು, ಇದು ಸ್ಟುಡಿಯೋ ಅಲ್ಲ, ಯಾವುದೋ ದೊಡ್ಡ ಕಲ್ಲು ಕಟ್ಟಡ ಉಸಿರಾಡುತ್ತಿದೆ ಅಂತ. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೇ ಕಟ್ಟಡ ಅದು. 1795ರಲ್ಲಿ ಬಡವರನ್ನು ಇರಿಸಿ ದುಡಿಸಲು ಕಟ್ಟಿದ್ದು. ತೇವ, ಚಳಿ. ಹೊರಗೆ ರೆಕಾರ್ಡಿಂಗ್ ಲಾರಿ. ಡ್ರಮ್ಸನ್ನು ಕೆಳಗಿನ ಹಜಾರದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೆಟ್ಟಿಲ ಮೇಲಿನಿಂದ ಇಳಿಬಿಟ್ಟ. ಅಷ್ಟೆ. ಬೇಸ್ ಡ್ರಮ್ಮಿಗೆ ಬೇರೆ ಮೈಕ್ ಇಲ್ಲ. ಹದಿನೈದು ವರ್ಷದ ಮೇಲೆ ಬೀಸ್ಟಿ ಬಾಯ್ಸ್ ಎಂಬ ನ್ಯೂಯಾರ್ಕಿನ ರ‍್ಯಾಪ್ ಹುಡುಗರು ಆ ಬಡಿತವನ್ನು ಹಾಗೇ ಕತ್ತರಿಸಿ ತಮ್ಮ ರೆಕಾರ್ಡಿಗೆ ಅಂಟಿಸಿಕೊಂಡರು. ಅವರ ನಂತರ ಎಷ್ಟು ಜನವೋ.

ಈ ಮೆಟ್ಟಿಲ ವಿಷಯವನ್ನು ಹಾಸ್ಟೆಲ್ ಹುಡುಗ ಯಾವುದೋ ಹಳೇ ಮ್ಯಾಗಜೀನಿನಲ್ಲಿ ಓದಿ ಹೇಳಿದ. ಅವತ್ತಿನಿಂದ ನಾನು ಹೋದ ಕಡೆಯಲ್ಲೆಲ್ಲ ಮೆಟ್ಟಿಲು ನೋಡುವುದೇ ಆಯಿತು. ಹರಿಹರದ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಸಿಕ್ಕಿತು. ಮೂರು ಅಂತಸ್ತು, ಮೊಸಾಯಿಕ್ ನೆಲ, ಚಪ್ಪಾಳೆ ತಟ್ಟಿದರೆ ಮೇಲಿನಿಂದ ಉತ್ತರ ಬರುತ್ತಿತ್ತು. ಆರತಕ್ಷತೆ ಮುಗಿದು, ಗಂಡಿನ ಕಡೆಯವರು ಮಲಗಿ, ರಾತ್ರಿ ಒಂದೂವರೆ. ಬೇಸ್ ಡ್ರಮ್ಮನ್ನು ಮೆಟ್ಟಿಲ ಬುಡಕ್ಕೆ ಎಳೆದೆ. ನಮ್ಮ ಕೀಬೋರ್ಡಿನವನು ಎರಡನೇ ಮಹಡಿಯ ಕಂಬಿಗೆ ಮೈಕಿನ ವೈರ್ ಸುತ್ತಿ ಇಳಿಬಿಟ್ಟ. ಅದು ತೂಗಾಡಬಾರದೆಂದು ಹೂವಿನ ಅಲಂಕಾರದ ದಾರದಲ್ಲಿ ಎರಡು ಕಡೆ ಬಿಗಿದೆವು. ಟೂ ಇನ್ ಒನ್‌ನ ರೆಕಾರ್ಡ್ ಬಟನ್ ಒತ್ತಿ ಎಂಟು ಆವರ್ತ ಬಾರಿಸಿದ್ದೇನೆ, ಅಡುಗೆ ಭಟ್ಟರು ಸೌಟು ಹಿಡಿದೇ ಓಡಿ ಬಂದರು. ಹಿಂದೆ ಹುಡುಗಿಯ ಸೋದರಮಾವ, ಮೈಮೇಲೆ ಬರೀ ಪಂಚೆ. ಆರ್ಕೆಸ್ಟ್ರಾದ ಬಾಕಿ ದುಡ್ಡಿನಲ್ಲಿ ಇನ್ನೂರು ರೂಪಾಯಿ ಮುರಿದುಕೊಂಡರು. ಕ್ಯಾಸೆಟ್ ಹಾಕಿ ಕೇಳಿದರೆ ಎಂಟು ಆವರ್ತ ನನ್ನ ಡ್ರಮ್ಸ್, ಆಮೇಲೆ ಸೌಟು ಬಿದ್ದ ಸದ್ದು. ಸತ್ಯ ಹೇಳಬೇಕೆಂದರೆ, ಸೌಟಿನ ಸದ್ದೇ ಚೆನ್ನಾಗಿ ಬಂದಿತ್ತು. ಕಟ್ಟಡ ನನ್ನದೂ ಚೆನ್ನಾಗಿತ್ತು, ಮೈಕೂ ಇತ್ತು. ಕೂತವನು ಬೋನಮ್ ಆಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ತಾಳದ ವಿಷಯ ಇನ್ನೊಂದು ಹೇಳಿಬಿಡುತ್ತೇನೆ. 1975ರ ‘ಕಾಶ್ಮೀರ್’. ಪ್ಲಾಂಟ್ ಅದನ್ನು ಬರೆದದ್ದು ಮೊರಾಕೊದ ರಸ್ತೆಯಲ್ಲಿ, ಕಾಶ್ಮೀರ ನೋಡಿಯೇ ಇರಲಿಲ್ಲ. ಇರಲಿ ಬಿಡಿ. ಗಿಟಾರ್ ಮೂರರಲ್ಲಿ ನಡೆಯುತ್ತದೆ, ಬೋನಮ್ ಗಟ್ಟಿಯಾಗಿ ನಾಲ್ಕರಲ್ಲಿ ಕೂತಿದ್ದಾನೆ. ಹನ್ನೆರಡಕ್ಕೊಮ್ಮೆ ಎರಡೂ ಬಂದು ಕೈಕುಲುಕುತ್ತವೆ. ನಮ್ಮ ಬೀದಿಯಲ್ಲಿ ಮೃದಂಗದ ಮೇಷ್ಟ್ರೊಬ್ಬರಿದ್ದರು. ರಾಕ್ ಎಂದರೆ ಕಿವಿಗೆ ಹತ್ತಿ ಇಡುವವರು. ಅವರನ್ನು ಕೂರಿಸಿ ಕೇಳಿಸಿದೆ. ಮೊದಲು ಮುಖ ಸಿಂಡರಿಸಿದರು. ಆಮೇಲೆ ತೊಡೆಯ ಮೇಲೆ ಬೆರಳು ಓಡತೊಡಗಿತು. ಮೂರನೇ ಸಲ ‘ಸಮಕ್ಕೆ ಬಂದ ನೋಡು’ ಅಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ.

ಇನ್ನು ಕದ್ದರು, ಕದ್ದರು ಎಂಬ ಕೂಗು. ಎದುರು ಬರೆಯುವವರು ಇದನ್ನೇ ಹಿಡಿದುಕೊಂಡು ಕೂತಿರುತ್ತಾರೆ, ಬರೆದು ಕೊಡುತ್ತೇನೆ. ‘ಸ್ಟೇರ್‌ವೇ ಟು ಹೆವನ್’ ಮೇಲೆ ಕೇಸು ಹಾಕಿದರಲ್ಲ, ಸ್ಪಿರಿಟ್ ಎಂಬ ತಂಡದ ಹಾಡಿನಿಂದ ಎತ್ತಿದ್ದು ಅಂತ? 2016ರಲ್ಲಿ ಜ್ಯೂರಿ ಇಲ್ಲ ಅಂದಿತು, 2020ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮುಗೀತಲ್ಲ? ‘ಲೆವಿ’ ಹಾಡು ಮೂಲದಲ್ಲಿ ಮೆಂಫಿಸ್ ಮಿನ್ನಿ ತನ್ನ ಗಂಡ ಕಾನ್ಸಸ್ ಜೋ ಮೆಕಾಯ್ ಜೊತೆ 1929ರಲ್ಲಿ ರೆಕಾರ್ಡ್ ಮಾಡಿದ್ದು, ಮಿಸಿಸಿಪ್ಪಿ ಪ್ರವಾಹದ ಹಾಡು. ಆಲ್ಬಮ್ಮಿನಲ್ಲಿ ಅವಳ ಹೆಸರು ಅಚ್ಚಾಗಿದೆ, ನೋಡಿಕೊಳ್ಳಿ. ಅಮೆರಿಕದ ಕಪ್ಪು ಜನರ ಈ ಬ್ಲೂಸ್ ಹಾಡುಗಾರಿಕೆ ಅಂದರೆ ಊರ ಬಾವಿ, ಎಲ್ಲರೂ ಸೇದಿದವರೇ. ಬಾವಿಕಟ್ಟೆಯಲ್ಲಿ ರಸೀದಿ ಪುಸ್ತಕ ಹಿಡಿದು ಕೂತವರಿಗೆ ನೀರಿನ ರುಚಿ ಗೊತ್ತಿರುವುದಿಲ್ಲ.

1980ರ ಸೆಪ್ಟೆಂಬರ್ 25ರಂದು ಬೋನಮ್ ಹೋದ. ಕುಡಿತ. ವಯಸ್ಸು ಮೂವತ್ತೆರಡು. ಡಿಸೆಂಬರಿನಲ್ಲಿ ಉಳಿದ ಮೂವರು, ಇನ್ನು ತಂಡ ಇಲ್ಲ ಎಂದು ಹೇಳಿಕೆ ಕೊಟ್ಟರು. ಜಗತ್ತಿನ ಯಾವ ಡ್ರಮ್ಮರ್ ಬೇಕಾದರೂ ಓಡಿ ಬರುತ್ತಿದ್ದ. ಕರೆಯಲಿಲ್ಲ. 2007ರಲ್ಲಿ ಲಂಡನ್ನಿನಲ್ಲಿ ಒಂದು ರಾತ್ರಿಗೆ ಮತ್ತೆ ಸೇರಿದಾಗಲೂ ಆ ಸ್ಟೂಲಿನ ಮೇಲೆ ಕೂತದ್ದು ಬೋನಮ್‌ನ ಮಗ ಜೇಸನ್. ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಬಿಟ್ಟ ನಾಲ್ಕನೇ ದಿನ ಇನ್ನೊಬ್ಬ ಬಂದು ಕೂತಿದ್ದ. ರಿದಮ್ ಪ್ಯಾಡ್ ತಂದಿದ್ದನಂತೆ.

ವಿರೋಧ: ಅಂಕಿತ ಅಳಿಸಿದ ಹಾಡುಗಳು

ಪರವಾಗಿ ಬರೆಯಲು ಜನ ಸಾಲು ನಿಂತಿದ್ದರಂತೆ. ವಿರೋಧಕ್ಕೆ ಮೂವರು ಒಲ್ಲೆ ಅಂದ ಮೇಲೆ ಫೋನು ನನಗೆ ಬಂತು. ಮೊದಲೇ ಹೇಳಿಬಿಡುತ್ತೇನೆ, ಅವರ ಮೂರನೇ ಆಲ್ಬಮ್ ನನ್ನ ಕಾರಿನಲ್ಲಿದೆ. ಈಗಲೂ ಹಾಕಿಕೊಳ್ಳುತ್ತೇನೆ. ಆದರೂ ಒಪ್ಪಿಕೊಂಡ ಕೆಲಸ ಮಾಡಬೇಕಲ್ಲ.

ಲೆಡ್ ಜೆಪೆಲಿನ್ ಒಳ್ಳೆಯ ವಾದ್ಯಗಾರರ ತಂಡ. ಅದು ಪ್ರಶ್ನೆಯಲ್ಲ. ದಂತಕಥೆ ಅನ್ನುವಾಗ ನಾವು ಹೇಳುವುದು ಅವರು ಹೊಸದೊಂದನ್ನು ಹುಟ್ಟಿಸಿದರು ಎಂದು. ಹುಟ್ಟಿಸಿದ್ದರಲ್ಲಿ ಎಷ್ಟು ಅವರದು?

ಪುರಂದರದಾಸರು ತಮ್ಮ ಪದಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೋ ಇವತ್ತು ಬಹುಪಾಲು ಗೊತ್ತಿಲ್ಲ. ಒಬ್ಬೊಬ್ಬ ವಿದ್ವಾಂಸರದು ಒಂದೊಂದು ರಾಗ. ಯಾರೂ ತಕರಾರು ಮಾಡುವುದಿಲ್ಲ, ಏಕೆಂದರೆ ಕೊನೆಯ ಚರಣದಲ್ಲಿ ‘ಪುರಂದರ ವಿಠಲ’ ಬಂದೇ ಬರುತ್ತದೆ. ರಾಗ ಬದಲಿಸಿ, ತಾಳ ಬದಲಿಸಿ, ಅಂಕಿತ ಮುಟ್ಟಬೇಡಿ. ಲೆಡ್ ಜೆಪೆಲಿನ್ ಮುಟ್ಟಿದ್ದು ಅದನ್ನೇ.

1969ರ ‘ಹೋಲ್ ಲೋಟ ಲವ್’ ತೆಗೆದುಕೊಳ್ಳಿ. ಅದರ ಸಾಲುಗಳು ಶಿಕಾಗೊದ ವಿಲ್ಲಿ ಡಿಕ್ಸನ್ ಬರೆದು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ‘ಯೂ ನೀಡ್ ಲವ್’ನಿಂದ ಬಂದವು. ರೆಕಾರ್ಡಿನ ಮೇಲೆ ಡಿಕ್ಸನ್ ಹೆಸರಿರಲಿಲ್ಲ. ಅವರು 1985ರಲ್ಲಿ ಕೇಸು ಹಾಕಬೇಕಾಯಿತು. ಎರಡು ವರ್ಷದ ನಂತರ ಕೋರ್ಟಿನ ಹೊರಗೆ ರಾಜಿಯಾಗಿ ಹೆಸರು ಬಂತು. ‘ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್’ ಜೇಕ್ ಹೋಮ್ಸ್ ಎಂಬವರ 1967ರ ಹಾಡು, ಹೆಸರೂ ಸೇರಿದಂತೆ. ಆ ವರ್ಷ ನ್ಯೂಯಾರ್ಕಿನಲ್ಲಿ, ಪೇಜ್ ಆಗ ಇದ್ದ ಯಾರ್ಡ್‌ಬರ್ಡ್ಸ್ ತಂಡಕ್ಕೆ ಮುಂಚೆ ವೇದಿಕೆ ಹತ್ತಿ ಹೋಮ್ಸ್ ಅದನ್ನು ಹಾಡಿದ್ದರು. ಆಲ್ಬಮ್ಮಿನಲ್ಲಿ ಅಚ್ಚಾದದ್ದು ಪೇಜ್ ಒಬ್ಬರ ಹೆಸರು. ಹೋಮ್ಸ್ 2010ರಲ್ಲಿ ಕೋರ್ಟಿಗೆ ಹೋದರು. ಈಗ ಸಣ್ಣಕ್ಷರದಲ್ಲಿ ‘ಜೇಕ್ ಹೋಮ್ಸ್ ಪ್ರೇರಣೆ’ ಅಂತ ಇರುತ್ತದೆ. ಪ್ರೇರಣೆಯಂತೆ! 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬೈಗೆ ಬಂದು ಅಲ್ಲಿನ ವಾದ್ಯಗಾರರನ್ನು ಕೂರಿಸಿ ಎರಡು ಹಾಡು ರೆಕಾರ್ಡ್ ಮಾಡಿಕೊಂಡು ಹೋದರು. ಅದು ಹೊರಬಂದದ್ದು 2015ರಲ್ಲಿ. ಹಾಡಿನ ಪಕ್ಕ ‘ಬಾಂಬೆ ಆರ್ಕೆಸ್ಟ್ರಾ’ ಅಂತಷ್ಟೇ.

ಸ್ಟೇರ್‌ವೇ ಕೇಸು ಗೆದ್ದರಲ್ಲ ಅನ್ನುವವರು ಇರುತ್ತಾರೆ. ಗೆದ್ದ ಒಂದನ್ನು ತೋರಿಸಿ ರಾಜಿಯಾದವನ್ನು ಮುಚ್ಚಿಡುವುದು ವಕೀಲರ ಕೆಲಸ, ರಸಿಕರದಲ್ಲ. ಇನ್ನು ಆ ಸದ್ದು, ಆ ಡ್ರಮ್ಸ್... ಒಪ್ಪಿದೆ, ಜೋರಾಗಿದೆ. ಚೌಲ್ಟ್ರಿಯ ಜನರೇಟರೂ ಜೋರೇ. ಕಾರ್ಯಕ್ರಮಗಳಲ್ಲಿ ಡ್ರಮ್ಸ್ ಒಂದೇ ಇಪ್ಪತ್ತು ನಿಮಿಷ ನಡೆಯುತ್ತಿತ್ತು, ಉಳಿದ ಮೂವರು ವೇದಿಕೆ ಬಿಟ್ಟು ಹೋಗಿರುತ್ತಿದ್ದರು. ಅವರಿಗೇ ಕೂತು ಕೇಳಲಾಗಲಿಲ್ಲ ಅಂದರೆ ನಾನೇನು ಹೇಳಲಿ. 1977ರಲ್ಲಿ ಓಕ್‌ಲ್ಯಾಂಡಿನಲ್ಲಿ ಸಂಘಟಕರ ಸಿಬ್ಬಂದಿಗೆ ಹೊಡೆದದ್ದಕ್ಕೆ ಮ್ಯಾನೇಜರ್ ಪೀಟರ್ ಗ್ರಾಂಟ್, ಬೋನಮ್ ಸೇರಿ ನಾಲ್ವರ ಮೇಲೆ ಕೇಸಾದದ್ದನ್ನೂ ದಂತಕಥೆಗೆ ಸೇರಿಸಿಕೊಂಡು ಖುಷಿಪಡುವವರಿದ್ದಾರೆ. ಅದನ್ನು ಬಿಡುತ್ತೇನೆ.

ನಿಜವಾಗಿ ನನಗೆ ಚುಚ್ಚುವುದು ಇನ್ನೊಂದು ಹಾಡು, ‘ಬೇಬ್ ಐಯಾಮ್ ಗೋನ್ನ ಲೀವ್ ಯೂ’. ಪೇಜ್ ಅದನ್ನು ಕೇಳಿದ್ದು ಅಮೆರಿಕದ ಗಾಯಕಿ ಜೋನ್ ಬಾಯೆಜ್ ಅವರ ರೆಕಾರ್ಡಿನಲ್ಲಿ. ಮೊದಲ ಆಲ್ಬಮ್ಮಿನಲ್ಲಿ ‘ಸಾಂಪ್ರದಾಯಿಕ, ಸಂಯೋಜನೆ ಪೇಜ್’ ಎಂದು ಅಚ್ಚಾಯಿತು. ಆದರೆ ಅದನ್ನು 1950ರ ದಶಕದಲ್ಲಿ ಬರೆದವರು ಆನ್ ಬ್ರೆಡನ್ ಎಂಬ ಹೆಂಗಸು, ಅವರಿನ್ನೂ ಬದುಕಿದ್ದರು. ಲೆಡ್ ಜೆಪೆಲಿನ್ ತಮ್ಮ ಹಾಡು ಹಾಡಿದೆ ಎಂದು ಅವರಿಗೆ ಗೊತ್ತಾದದ್ದೇ 1980ರ ದಶಕದಲ್ಲಿ. 1990ರಿಂದ ಹೆಸರು ಸೇರಿತು. ಈ ಸಲ ಪೇಜ್ ತಪ್ಪು ಪೂರ್ತಿ ಅಲ್ಲ, ಬಾಯೆಜ್ ರೆಕಾರ್ಡಿನ ಮೊದಲ ಮುದ್ರಣದಲ್ಲೂ ಹೆಸರಿರಲಿಲ್ಲ. ನನ್ನ ವಾದಕ್ಕೆ ಇದು ಒಳ್ಳೆಯದಲ್ಲ, ಆದರೂ ಹೇಳಿದೆ.

ಮಂಡ್ಯ ಕಡೆಯ ನಮ್ಮಜ್ಜಿ ಸೋಬಾನೆ ಹೇಳುತ್ತಿದ್ದಳು. ಹಳೆಯವು ಬೇಕಾದಷ್ಟು, ತಾನೇ ಕಟ್ಟಿದವೂ ಏಳೆಂಟು. ಒಂದರಲ್ಲಿ ನಮ್ಮ ಸೋದರತ್ತೆಯ ಹೆಸರೇ ಬರುತ್ತಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಯಾರೋ ಟೇಪ್‌ರೆಕಾರ್ಡರ್ ತಂದು ಎರಡು ಮಧ್ಯಾಹ್ನ ಹಾಡಿಸಿಕೊಂಡು, ಎಲೆ ಅಡಿಕೆ ಕೊಟ್ಟು ಹೋದರು. ಮುಂದಿನ ವರ್ಷ ಸಂತೆಯ ಕ್ಯಾಸೆಟ್ ಅಂಗಡಿಯಲ್ಲಿ ಆ ಪದಗಳು ಬೇರೆ ಹೆಂಗಸಿನ ದನಿಯಲ್ಲಿ, ಹಾರ್ಮೋನಿಯಂ ತಬಲಾ ಸಮೇತ ಬಂದವು. ಅತ್ತೆಯ ಹೆಸರು ಇದ್ದ ಕಡೆ ‘ಗೌರಮ್ಮ’ ಆಗಿತ್ತು. ಒಂದು ಕೊಂಡು ತಂದೆವು. ಅಜ್ಜಿಗೆ ಅಕ್ಷರ ಬಾರದು. ಕ್ಯಾಸೆಟ್ಟಿನ ಕಾರ್ಡು ನನ್ನ ಕೈಗೆ ಕೊಟ್ಟು, ‘ನನ್ನೆಸ್ರು ಎಲ್ಲದೆ, ಓದವ್ವ’ ಅಂದಳು. ‘ಸಾಹಿತ್ಯ: ಜಾನಪದ’ ಅಂತಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ.

‘ಇದೆ ಅಜ್ಜಿ, ಇಲ್ಲೇ’ ಅಂದೆ.

ನನ್ನ ಬೆರಳಿದ್ದ ಜಾಗವನ್ನೇ ಸ್ವಲ್ಪ ಹೊತ್ತು ನೋಡಿ, ‘ಎಷ್ಟು ಕೊಟ್ರಿ ಇದುಕ್ಕೆ?’ ಅಂದಳು.

‘ಇಪ್ಪತ್ತೆಂಟು ರೂಪಾಯಿ.’

‘ಅಷ್ಟೊಂದ?’ ಅಂದಳು.