ಪೌಲ್ನಬ್ರೋನ್: ಚಪ್ಪಡಿ ಸಾಕು, ನೆಲ ನೋಡಿ

ಐರ್ಲೆಂಡಿನ ಕ್ಲೇರ್ ಕೌಂಟಿಯ ಬರೆನ್ ಬಯಲಿನಲ್ಲಿ ಕಲ್ಲಿನ ಮೇಜಿನ ಹಾಗೆ ನಿಂತ ಗೋರಿಯೊಂದಿದೆ, ಪೌಲ್ನಬ್ರೋನ್. ಅದರ ಫೋಟೊ ಹಾಕಿದವರೆಲ್ಲ ಕೆಳಗೆ 'ದುಃಖದ ಗುಂಡಿ' ಅಂತ ಅರ್ಥ ಬರೆದಿರುತ್ತಾರೆ. ತಪ್ಪು. ಐರಿಷ್‌ನಲ್ಲಿ 'ಬ್ರೋನ್' ಅಂದರೆ ದುಃಖ, ನಿಜ. ಆದರೆ ಬೀಸುಕಲ್ಲಿಗೆ 'ಬ್ರೋ' ಅನ್ನುತ್ತಾರೆ, ಅದರ ಷಷ್ಠಿ ರೂಪವೂ 'ಬ್ರೋನ್'. ಬೀಸುಕಲ್ಲಿನ ಗುಂಡಿ, ಅಷ್ಟೇ. ಗೋರಿ ಅಂದಮೇಲೆ ಅಳು ಇರಲೇಬೇಕು ಅನ್ನೋದು ನಮ್ಮ ಚಟ.

ಮೇಲಿನ ಚಪ್ಪಡಿ ಸುಮಾರು 4 ಮೀಟರ್ ಉದ್ದ, ದಪ್ಪ 30 ಸೆಂ.ಮೀ. ಆಸುಪಾಸು. ಎರಡು ತೆಳು ಬಾಗಿಲುಗಂಬಗಳು ಅದನ್ನು ಬಂಡೆನೆಲದಿಂದ 1.8 ಮೀಟರ್ ಮೇಲೆ ಹೊತ್ತಿವೆ. ಬಾಯಿ ಉತ್ತರಕ್ಕೆ, ಅಡ್ಡಲಾಗಿ ಒಂದು ಹೊಸ್ತಿಲುಗಲ್ಲು. ಸುತ್ತ 9 ಮೀಟರಿನ ತಗ್ಗು ಕಲ್ಲುಗುಪ್ಪೆ. ಹಿಂದೆ ಇದು ಗೋರಿಯನ್ನೇ ಮುಚ್ಚಿತ್ತು ಅಂತ ಬರೆಯುವವರಿದ್ದಾರೆ. ಆಗಲೂ ಅಷ್ಟು ಎತ್ತರ ಇರಲಿಲ್ಲ, ಕಂಬದ ಬುಡ ಅಲುಗದಂತೆ ಒತ್ತು ಕೊಡುವುದಷ್ಟೇ ಅದರ ಕೆಲಸ.

ಕಲ್ಲಿಗಾಗಿ ದೂರ ಹೋಗಬೇಕಿರಲಿಲ್ಲ. ಅಲ್ಲಿನ ಸುಣ್ಣದ ಕಲ್ಲು ಪದರ ಪದರವಾಗಿ ಕೂತಿದೆ, ಮಳೆನೀರು ಅದರ ಸೀಳುಗಳನ್ನು ಕರಗಿಸಿ ಅಗಲ ಮಾಡಿದೆ. ಸನ್ನೆಕೋಲು ಹಾಕಿ ಮೀಟಿದರೆ ಚಪ್ಪಡಿ ಏಳುತ್ತದೆ. ಹಾಗೆ ಏಳುವ ಕಲ್ಲು ಬಿರಿಯುವುದೂ ಸುಲಭ. 1985ರಲ್ಲಿ ಪೂರ್ವದ ಬಾಗಿಲುಗಂಬ ಬಿರುಕು ಬಿಟ್ಟಿದ್ದು ಗೊತ್ತಾಯಿತು. ಬಿಚ್ಚಿ, ಬೇರೆ ಕಂಬ ನಿಲ್ಲಿಸಿದರು. ಅಂದರೆ ನೀವು ಲೈಕ್ ಒತ್ತಿದ ಫೋಟೊದ ಒಂದು ಕಾಲು ಹೊಸದು. ಇದಕ್ಕೆ ಮೂಗು ಮುರಿಯುವುದು ನನಗೆ ಸರಿಕಾಣುವುದಿಲ್ಲ. ಆ ರಿಪೇರಿಯ ನೆಪದಲ್ಲೇ ತಾನೆ ಪುರಾತತ್ವಜ್ಞೆ ಆನ್ ಲಿಂಚ್ 1986ರಲ್ಲಿ, ಮತ್ತೆ 1988ರಲ್ಲಿ ಒಳಗೆ ಅಗೆದದ್ದು?

ಸಿಕ್ಕಿದ್ದು 30ಕ್ಕೂ ಹೆಚ್ಚು ಜನರ ಮೂಳೆ, ಕ್ರಿ.ಪೂ. 3800ರಿಂದ 3200ರ ನಡುವಿನವು. ಸುಮಾರಷ್ಟು ಚೂರುಗಳು ನೆಲದ ಬಿರುಕುಗಳೊಳಗೆ ಜಾರಿ ಕೂತಿದ್ದವು. ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ, ಸುಣ್ಣದ ಕಲ್ಲಿನಲ್ಲಿ ಉಳಿಯುತ್ತದೆ. ಹಾಗಾಗಿಯೇ ಒಬ್ಬನ ಸೊಂಟದ ಮೂಳೆಯಲ್ಲಿ ಮುರಿದು ಉಳಿದ ಬಾಣದ ಮೊನೆ ಕಂಡಿತು. 2020ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯಲ್ಲಿ ಅಲ್ಲಿನ ಒಂದು ಗಂಡು ಹಸುಗೂಸಿಗೆ ಡೌನ್ ಸಿಂಡ್ರೋಮ್ ಇತ್ತೆಂದು ತಿಳಿಯಿತು. ಎದೆಹಾಲು ಕುಡಿದ ಗುರುತೂ ಮೂಳೆಯಲ್ಲಿತ್ತು. ಆ ಕೂಸನ್ನೂ ಎಲ್ಲರ ಜೊತೆಗೇ ಇಟ್ಟಿದ್ದಾರೆ.

(ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಗೋರಿಗಳ ಫೋಟೊ ಪಕ್ಕಕ್ಕಿಟ್ಟು 'ಕಟ್ಟಿದವರು ಒಂದೇ ಜನ' ಅನ್ನಬೇಡಿ. ಅವು ಕಬ್ಬಿಣ ಯುಗದವು, ನಡುವೆ ಎರಡು ಸಾವಿರ ವರ್ಷಕ್ಕೂ ಮೇಲಿನ ಅಂತರ.)

ಈಗ ಗೋರಿಯ ಸುತ್ತ ಹಗ್ಗ ಕಟ್ಟಿದ್ದಾರೆ. ಪ್ರವಾಸಿಗರು ಸುಮ್ಮನಿರಬೇಕಲ್ಲ, ಆಚೆ ನಿಂತು ನೆಲದ ಕಲ್ಲು ಕಿತ್ತು ಪುಟ್ಟ ಪುಟ್ಟ ಗೋರಿ ಕಟ್ಟುತ್ತಾರೆ. ಬಿರುಕಿನ ನೆರಳು, ತೇವ ನಂಬಿದ ಜರಿಗಿಡಕ್ಕೆ ಬಿಸಿಲು, ಗಾಳಿ ಬಡಿಯುತ್ತದೆ. ಯಾವ ಕಲ್ಲು ಎಲ್ಲಿಂದ ಬಂತೆಂದು ಗುರುತಿಟ್ಟವರಿಲ್ಲ, ಆಮೇಲೆ ಅವನ್ನು ಕೆಡವಿದರೂ ಕಲ್ಲು ತನ್ನ ಜಾಗಕ್ಕೆ ಹೋಗುವುದಿಲ್ಲ.